ಕೇಕಿನೊಳಗೆ ಹೋದ ಪೆಪ್ಟೈಡ್

ಈಜಿಪ್ಟಿನ ದಮಿಯಾತ್ ಊರಿನಲ್ಲಿ ಮಂಚ, ಬೀರು, ಸೋಫಾ ಮಾಡದ ಬೀದಿಯಿಲ್ಲ. ಅವನ್ನೆಲ್ಲ ಹೊತ್ತು ಮದುಮಕ್ಕಳ ಮನೆಗೆ ಏರಿಸುವುದರಲ್ಲಿ ಬಯೂಮಿಯನ್ನು ಮೀರಿಸುವವರಿರಲಿಲ್ಲ. ದೊಡ್ಡ ಬೀರುವನ್ನು ಬೆನ್ನಿಗೆ ಕಟ್ಟಿಕೊಂಡು ಇಕ್ಕಟ್ಟಿನ ಮೆಟ್ಟಿಲು ಹತ್ತುತ್ತ ಹಾಡು ಗುನುಗುವ ಗಂಡಸು. ಸೂಜಿ ಕಂಡರೆ ಮಾತ್ರ ಅವನ ಕೈಕಾಲು ತಣ್ಣಗಾಗುತ್ತಿತ್ತು.

ಒಂದು ಮದುವೆಯ ಸಾಮಾನು ಏರಿಸುವಾಗ ಅವನ ಬಲಭುಜದ ಸ್ನಾಯು ಹರಿಯಿತು. ಭಾರ ಎತ್ತಬೇಡ, ಹೇಳಿಕೊಟ್ಟ ವ್ಯಾಯಾಮ ಮಾಡು ಎಂದರು ಡಾಕ್ಟರು. ಇಷ್ಟು ಸಪ್ಪೆ ಚಿಕಿತ್ಸೆ ಅವನಿಗೆ ಹಿಡಿಸಲಿಲ್ಲ. ಜಿಮ್ಮಿನ ತರಬೇತುದಾರ ಕ್ಯಾಪ್ಟನ್ ಝಗ್ಲೂಲ್ ಬಿಳಿ ಪುಡಿಯ ಪುಟ್ಟ ಸೀಸೆಯೊಂದನ್ನು ಗುಟ್ಟಾಗಿ ಕೈಗಿತ್ತ. ಒಳಗಿರುವುದು ಪೆಪ್ಟೈಡ್, ಅಂದರೆ ಪ್ರೋಟೀನಿನ ಚೂರು; ಹರಿದ ಸ್ನಾಯುವನ್ನು ತಟ್ಟಿ ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ; ನೀರಿನಲ್ಲಿ ಕಲಸಿ ಚುಚ್ಚಿಕೊಂಡರಾಯಿತು ಎಂದ. ಚುಚ್ಚುವ ಮಾತು ಕೇಳಿಯೇ ಬಯೂಮಿ ಬೆವೆತ. ಸೀಸೆಯನ್ನು ಫ್ರಿಜ್ಜಿನಲ್ಲಿ ಮೊಟ್ಟೆಗಳ ಪಕ್ಕ ಅಡಗಿಸಿಟ್ಟು, ನಾಳೆ ನೋಡೋಣ ಎಂದುಕೊಂಡ. ಹೀಗೇ ಎಷ್ಟೋ ನಾಳೆಗಳು ಕಳೆದವು.

ಒಂದು ಶುಕ್ರವಾರ ಅವನ ತಾಯಿ ಇನ್‌ಷಿರಾಹ್ ಕೇಕು ಮಾಡಿದಳು. ಅಲ್ಲಿ ವೆನಿಲ್ಲಾ ಪುಡಿಯೂ ಅಂಥದೇ ಪುಟ್ಟ ಸೀಸೆಯಲ್ಲಿ ಬರುತ್ತದೆ. ಎಲ್ಲರೂ ತಿಂದು, ಚಹಾ ಕುಡಿದ ಮೇಲೆ ಬಯೂಮಿಯ ಕಣ್ಣಿಗೆ ಖಾಲಿ ಸೀಸೆ ಬಿತ್ತು.

"ಅಮ್ಮಾ, ಇದನ್ನ ಏನ್ಮಾಡ್ದೆ?"

"ಕೇಕಿಗೆ ಹಾಕ್ದೆ. ಚೂರೂ ಪರಿಮಳ ಇಲ್ಲ ಕಣೋ, ಯಾವನೋ ನಿಂಗೆ ಟೋಪಿ ಹಾಕಿದಾನೆ."

ಸಂಗತಿ ತಿಳಿದರೂ ಮನೆಯಲ್ಲಿ ಯಾರೂ ಹೆದರಲಿಲ್ಲ. ತಾಯಿಗೆ ಮಂಡಿನೋವು ಆಗಲೇ ಇಳಿದಂತಿತ್ತು. ಸೋದರಮಾವ ಶಫೀಕ್ ತೋಳು ಮಡಚಿ ಎಲ್ಲರಿಂದಲೂ ಮುಟ್ಟಿಸಿ ನೋಡಿದ. ಆಮೇಲೆ ಗ್ಯಾಸ್ ಸಿಲಿಂಡರನ್ನು ಒಬ್ಬನೇ ನಡುಮನೆಗೆ ಹೊತ್ತು ತಂದ. ಅದು ಖಾಲಿ ಎಂದು ಹೇಳಲು ಯಾರಿಗೂ ಮನಸ್ಸು ಬರಲಿಲ್ಲ.

ಬಯೂಮಿಯೊಬ್ಬ ಮಾತ್ರ ಔಷಧದಂಗಡಿಯ ವಿಜ್ದಾನ್ ಬಳಿಗೆ ಓಡಿದ. ಅವಳು ಮೊದಲು ಬೈದಳು. ಯಾರಿಗಾದರೂ ಹೊಟ್ಟೆ ಕೆಟ್ಟರೆ ತಕ್ಷಣ ಡಾಕ್ಟರ ಹತ್ತಿರ ಹೋಗಿ ಎಂದಳು. ಬಳಿಕ, "ಪೆಪ್ಟೈಡೇ ಆಗಿದ್ರೆ ಹೊಟ್ಟೆಗೆ ಅದೂ ಒಂದೇ, ಮೊಟ್ಟೆಯೂ ಒಂದೇ, ಅರಗಿಸ್ಕೊಳ್ಳುತ್ತೆ. ಆದ್ರೆ ಆ ಸೀಸೇಲಿ ಏನಿತ್ತೋ ದೇವರಿಗೇ ಗೊತ್ತು. ಪುಕ್ಕಲ ಆಗಿದ್ದಕ್ಕೆ ಬಚಾವಾದೆ ನೀನು," ಎಂದಳು.

ಯಾರಿಗೂ ಏನೂ ಆಗಲಿಲ್ಲ. ಬಯೂಮಿ ನಾಚಿಕೆಗಾದರೂ ಆ ಸಪ್ಪೆ ವ್ಯಾಯಾಮ ಹಿಡಿದ. ಬಾಗಿಲ ಹಿಡಿಗೆ ರಬ್ಬರ್ ಪಟ್ಟಿ ಕಟ್ಟಿ ದಿನವೂ ಎಳೆದ. ತಾಯಿ ತಪ್ಪುತಪ್ಪಾಗಿ ಎಣಿಸಿದಳು. ಚಳಿಗಾಲದ ಹೊತ್ತಿಗೆ ಭುಜ ಮತ್ತೆ ಮಾತು ಕೇಳತೊಡಗಿತು.

ಅವನು ಜಿಮ್ಮಿಗೆ ಕಾಲಿಟ್ಟ ಕೂಡಲೇ ಕ್ಯಾಪ್ಟನ್ ಅವನ ಭುಜ ತಟ್ಟಿ, ಇದೆಲ್ಲ ತನ್ನ ಸೀಸೆಯ ಮಹಿಮೆ ಎಂದು ಸಾರಿದ.

"ಕ್ಯಾಪ್ಟನ್, ಅದನ್ನ ನಮ್ಮಮ್ಮ ಕೇಕಿಗೆ ಹಾಕ್ಬಿಟ್ಳು," ಎಂದ ಬಯೂಮಿ. "ನಂಗೆ ಸಿಕ್ಕಿದ್ದು ಒಂದೇ ಒಂದು ತುಂಡು."

ಜಿಮ್ಮಿನವರೆಲ್ಲ ಎತ್ತಿದ ಭಾರ ಕೆಳಗಿಟ್ಟು ಹತ್ತಿರ ಬಂದರು. ಆಮೇಲೆ ಎತ್ತಿನಂಥ ಭುಜದವನೊಬ್ಬ ಮೆಲ್ಲಗೆ, ಆ ಕೇಕನ್ನು ಅಮ್ಮ ಮತ್ತೆ ಯಾವಾಗ ಮಾಡುತ್ತಾರೆ ಎಂದು ಕೇಳಿದ.

ಅಂದಿನಿಂದ ಶುಕ್ರವಾರ ಬಂತೆಂದರೆ ಜಿಮ್ಮಿನ ಧಡಿಯರು ಇನ್‌ಷಿರಾಹ್ ಮನೆಯ ಸೋಫಾದಲ್ಲಿ ತಟ್ಟೆ ಹಿಡಿದು ಸಾಲಾಗಿ ಕೂರತೊಡಗಿದರು. ಬರೀ ವೆನಿಲ್ಲಾ ಎಂದು ಅವಳು ಆಣೆ ಮಾಡಿದರೂ ಅವರು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುವರು. ಅವಳೂ ಆಣೆ ಮಾಡುವುದನ್ನು ಬಿಟ್ಟಳು. ತಿಂದವರ ಕೈಯಲ್ಲಿ ಜಮಖಾನಗಳನ್ನು ಮಾಳಿಗೆಗೆ ಹೊರಿಸಿ, ಧೂಳು ಕೊಡವಿಸಿಕೊಳ್ಳುತ್ತಿದ್ದಳು.