ಕಾಯುವುದನ್ನೇ ಬಿಟ್ಟ ಕಂಪ್ಯೂಟರ್

ನಾನು ಬಟನ್ ಒತ್ತಿ ಸ್ಟೂಲ್ ಎಳೆದು ಕೊಡುವಷ್ಟರಲ್ಲಿ ಪರದೆ ಬೆಳಗಿತು. ಕೂರಲು ಬಗ್ಗಿದ್ದ ದಸ್ತಗೀರಸಾಬ ಹಾಗೇ ನಿಂತ.

ಸವಣೂರಿನಲ್ಲಿ ವೀಳ್ಯದೆಲೆ ಮಾರುವ ಈ ಬಾಲ್ಯದ ಗೆಳೆಯ ದಿನಾ ಬೆಳಿಗ್ಗೆ ನನ್ನ ಕಂಪ್ಯೂಟರಿನಲ್ಲಿ ಪೇಪರ್ ಓದಲು ಬರುತ್ತಾನೆ. ಹಳೆಯ ಹಾರ್ಡ್ ಡಿಸ್ಕ್ ಕರಕರ ಎನ್ನುತ್ತ, ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶವನ್ನು ಎಬ್ಬಿಸುವುದರೊಳಗೆ ನಮ್ಮ ಚಹಾ ಮುಗಿದು, ಶಾಲೆಯಲ್ಲಿದ್ದಾಗ ನಾನು ಮಾಸ್ತರರ ಸೈಕಲ್ಲನ್ನು ಬೇವಿನ ಮರಕ್ಕೇರಿಸಿದ ಕಥೆಯೂ ಮತ್ತೊಮ್ಮೆ ಮುಗಿಯುತ್ತಿತ್ತು.

ಹಿಂದಿನ ದಿನ ಆ ಲಿನಕ್ಸನ್ನು ಇದ್ದ ಹಾಗೇ ಎಸ್‌ಎಸ್‌ಡಿ ಎಂಬ ಹೊಸ ವೇಗದ ಡಿಸ್ಕಿಗೆ ನಾನೇ ಸಾಗಿಸಿದ್ದೆ. ಈ ಇಳಿವಯಸ್ಸಿನಲ್ಲಿ ಅದನ್ನು ಮಾಡುವ ಇನ್ನೊಬ್ಬನನ್ನು ತಾಲ್ಲೂಕಿನಲ್ಲಿ ತೋರಿಸಿ, ನೋಡೋಣ.

"ಭಾಳ ಚುರುಕ ಆಗೇತಿ ಬಿಡಪಾ," ಎಂದ ದಸ್ತಗೀರ, ನಿಂತೇ ತಲೆಬರಹ ಓದಿ ಹೊರಟುಹೋದ. ಅವನ ಚಹಾ ಆರಿತು.

ಲಿನಕ್ಸ್ ಶುರುವಾಗುವ ಮುಂಚೆ ಬರುವ ಮೆನು, ಒಂದು ಚಹಾ ಕುಡಿಯುವಷ್ಟು ಹೊತ್ತು ಕಾಯುವಂತೆ ಅವತ್ತೇ ಸೆಟ್ಟಿಂಗ್ ಬದಲಿಸಿದೆ. ಮರುದಿನ ಮುಖ ಸಪ್ಪಗೆ ಮಾಡಿ, "ಹೊಸಾದೂ ಕೆಟ್ಟು ಕುಂತೈತಿ ನೋಡಪಾ," ಎಂದೆ.

ಪರದೆಯ ಮೇಲೆ ಸೆಕೆಂಡುಗಳು ಒಂದೊಂದಾಗಿ ಇಳಿಯುತ್ತಿದ್ದವು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಸ್ಟೂಲ್ ಎಳೆದುಕೊಂಡು ಕುಳಿತ.

"ಕೆಟ್ಟಿದ್ದು ಅದಲ್ಲಲೇ, ನಿನ್ನ ತಲಿ. ರಿಪೇರಿ ಮಾಡಬ್ಯಾಡ, ಹಂಗ ಇರ್ಲಿ. ಚಾ ತರಸು."

ಊರನ್ನೆಲ್ಲ ಬೇಸ್ತು ಬೀಳಿಸಿದವನು ನಾನು. ಸಿಕ್ಕಿಬಿದ್ದು ಇಷ್ಟು ಹಿಗ್ಗಿದ್ದು ಅದೊಂದೇ ಸಲ.