ಬೀಗದ ಮನಿಯ ಕಡೆಯ ಸ್ವರ

೧೯೪೦ನೆಯ ಇಸವಿ. ಆಗ ನನ್ನ ವಯಸ್ಸು ಮೂವತ್ತೆಂಟು. ಮೂಡಲಗಿಯ ಕನ್ನಡ ಸಾಲೆಯ ಮಾಸ್ತರಿಕೆಯನ್ನು ಬಿಟ್ಟು ವರ್ಷವಾಗಿತ್ತು. ಕಣ್ಣು, ಕಿವಿ, ಬುದ್ಧಿ ಮೂರೂ ನೆಟ್ಟಗಿದ್ದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಮುಂದೆ ಓದುವಾಗ ಇವುಗಳಲ್ಲಿ ಯಾವುದೋ ಒಂದು ಕೆಟ್ಟಿತ್ತೆಂದು ನಿಮಗೆ ಅನ್ನಿಸಬಹುದು. ಕೆಟ್ಟಿರಲಿಲ್ಲ. ನಾನು ಕೇಳಿದ್ದನ್ನಷ್ಟೇ ಬರೆಯುತ್ತೇನೆ. ಕೇಳದ ಒಂದಕ್ಷರವನ್ನೂ ಸೇರಿಸುವುದಿಲ್ಲ. ಈ ಸಂಗತಿಯಲ್ಲಿ ಆ ಒಂದಕ್ಷರವೇ ಎಲ್ಲವೂ ಆಗಿದೆ.

ಆ ವರ್ಷ ಗೋಕಾಕದ ಹೊಳೆಯ ದಂಡೆಗೆ ತಂಬೂ ಸಿನೇಮಾ ಬಂದಿತು. ದೆವ್ವದ ಮನೆಯ ಚಿತ್ರ. ಹಿಂದೆ ಮೂಕಚಿತ್ರಗಳ ಕಾಲದಲ್ಲಿ ನಮ್ಮವರು ಇದನ್ನೇ ನೋಡಿ ‘ಬೀಗದ ಮನಿ’ ಎಂದು ಹೆಸರಿಟ್ಟಿದ್ದರು. ಈಗ ಅದನ್ನೇ ಹೊಸ ಪಾತ್ರಧಾರಿಗಳಿಂದ, ಮಾತು ಹಾಡುಗಳ ಸಮೇತ, ಹಿಂದಿಯಲ್ಲಿ ಮತ್ತೊಮ್ಮೆ ತೆಗೆದಿದ್ದರು.

ಮೂಕಚಿತ್ರವನ್ನು ನಾನು ಹುಕ್ಕೇರಿಯಲ್ಲಿ ನೋಡಿದ್ದೆ. ಪರದೆಯ ಎಡಗಡೆ ಒಬ್ಬ ಮನುಷ್ಯ ನಿಂತು ಹಿಂದಿ ಅಕ್ಷರಗಳ ಅರ್ಥವನ್ನು ಕನ್ನಡದಲ್ಲಿ ಹೇಳುತ್ತಿದ್ದ. ಅವನು ನಮ್ಮ ಮೂಡಲಗಿಯ ಶಿವಲಿಂಗಪ್ಪ. ಅರ್ಧ ಗ್ರಂಥದ ಕನ್ನಡ, ಅರ್ಧ ಮನೆಯ ಮಾತು; ಎರಡನ್ನೂ ಬೆರೆಸಿ ಆಡುವುದು ಅವನ ರೀತಿ. ಬಾಯಿ ತೆರೆಯುವ ಮುನ್ನ ಬೆತ್ತದಿಂದ ತಂಬುವಿನ ಬಿದಿರಿನ ಗಳುವನ್ನು ಎರಡು ಸಲ ಬಡಿಯುತ್ತಿದ್ದ. ಟಕ್... ಟಕ್. ಆ ಸಪ್ಪಳಕ್ಕೆ ಅಳುವ ಕೂಸುಗಳೂ ಸುಮ್ಮನಾಗುತ್ತಿದ್ದವು.

ಚಿತ್ರದ ನಡುವೆ ಒಂದು ದೃಶ್ಯ. ಆ ಮನೆಯ ಸೊಸೆ ದೀಪ ಹಿಡಿದು ಹೊಸ್ತಿಲು ದಾಟುತ್ತಾಳೆ. ತಿರುಗಿ ನೋಡುತ್ತಾಳೆ. ತುಟಿಗಳು ಅಲುಗುತ್ತವೆ. ಪರದೆಯ ಮೇಲೆ ‘ಹೋಗುತ್ತೇನೆ’ ಎಂಬ ಅರ್ಥದ ಹಿಂದಿ ಅಕ್ಷರಗಳು ಮೂಡುತ್ತವೆ. ಮುಂದಿನ ದೃಶ್ಯದಲ್ಲಿ ಅವಳ ಹೆಣ ಬಾವಿಯಲ್ಲಿ ತೇಲುತ್ತದೆ.

ಶಿವಲಿಂಗಪ್ಪ ಅಲ್ಲಿ ‘ಹೋಗುತ್ತೇನೆ’ ಎನ್ನಲಿಲ್ಲ. ದನಿ ತಗ್ಗಿಸಿ, “ಬರತೇನಿ” ಎಂದ.

ತಂಬುವೆಲ್ಲ ನಡುಗಿತು. ನಾನು ಮಾತ್ರ ಆಟ ಮುಗಿದ ಮೇಲೆ ಅವನನ್ನು ಹಿಡಿದೆ. “ಶಿವಲಿಂಗಪ್ಪ, ಅಲ್ಲಿರೂದು ಹೋಗು ಧಾತು. ನೀವು ಬರು ಧಾತು ಹಾಕಿದ್ರಿ.”

“ಮಾಸ್ತರ, ಮನಿ ಸೊಸಿ ಹೊಸ್ತಲಾ ದಾಟೂಮುಂದ ಹೋಗತೇನಿ ಅಂತಾಳೇನ್ರಿ? ನಿಮ್ಮ ಧಾತುಗೋಳು ಎಂದೂ ಮನಿ ಬಿಟ್ಟ ಹೊರಗ ಬಂದಿಲ್ಲ, ಕಾಣತೈತಿ.”

ಅವನು ನಕ್ಕ. ನಾನು ಒಪ್ಪಲಿಲ್ಲ. ಇಂದಿಗೂ ವ್ಯಾಕರಣದ ದೃಷ್ಟಿಯಿಂದ ಒಪ್ಪುವುದಿಲ್ಲ.

ಮುಂದೆ ಚಿತ್ರಗಳಿಗೆ ಮಾತು ಬಂದಿತು. ಶಿವಲಿಂಗಪ್ಪನಿಗೆ ಕೆಲಸ ಹೋಯಿತು. ಒಂದು ಮುಂಜಾನೆ ಬೆತ್ತ ಹಿಡಿದು ಮನೆಯಿಂದ ಹೊರಬಿದ್ದವನು ತಿರುಗಿ ಬರಲಿಲ್ಲ. ಎಂಟು ವರ್ಷ ಸುದ್ದಿಯೇ ಇರಲಿಲ್ಲ. ಅವನ ಹೆಂಡತಿ ಗಂಗವ್ವನನ್ನು ಊರೆಲ್ಲ ಕೇಳಿದ್ದು ಒಂದೇ ಮಾತು: ಹೊಸ್ತಿಲು ದಾಟುವಾಗ ಏನಂದ?

“ರೊಟ್ಟಿ ಬಡ್ಯಾಕತ್ತಿದ್ನಿ,” ಎನ್ನುತ್ತಿದ್ದಳು ಅವಳು. “ಏನೋ ಅಂದ್ರು. ರೊಟ್ಟಿ ಸಪ್ಪಳದಾಗ ಕೇಳಲಿಲ್ಲ.”

ಈಗ ಮಗಳು ನೀಲವ್ವನ ಮದುವೆ ಕಲ್ಲೋಳಿಯ ಮನೆತನದೊಂದಿಗೆ ನಿಶ್ಚಯವಾಗಿತ್ತು. ಬೀಗರು ಕೇಳಿದ್ದರಲ್ಲಿ ತಪ್ಪಿರಲಿಲ್ಲ: ಹುಡುಗಿಯ ತಾಯಿ ಮುತ್ತೈದೆಯೋ ಅಲ್ಲವೋ? ಮುತ್ತೈದೆಯಾದರೆ ಮಗಳಿಗೆ ಅರಿಷಿಣ ಹಚ್ಚಲಿ. ಅಲ್ಲವಾದರೆ ಹಂದರಕ್ಕೆ ಬರುವ ಮುನ್ನ ಬಳೆ ತೆಗೆಯಲಿ. ಶಿವಲಿಂಗಪ್ಪನ ತಮ್ಮ ಮಲ್ಲಪ್ಪ ಬಳೆ ತೆಗೆಯಿಸಬೇಕೆಂಬ ಪಕ್ಷದವನು. ಗಂಗವ್ವನಿಗೆ ಬೇಕಾದದ್ದು ಇಷ್ಟೇ... ತನ್ನ ಕೈಯಿಂದ ಮಗಳ ಕೆನ್ನೆಗೆ ಅರಿಷಿಣ.

ಅಷ್ಟರಲ್ಲಿ ಗೋಕಾಕದ ಸುದ್ದಿ ಬಂದಿತು. ಹೊಸ ಚಿತ್ರದಲ್ಲಿ ಆ ಹೊಸ್ತಿಲಿನ ದೃಶ್ಯ ಬಂದಾಗ ಶಿವಲಿಂಗಪ್ಪನ ದನಿ ಕೇಳುತ್ತದಂತೆ! ಮುಂಬಯಿಗೆ ಹೋಗಿ ಸಿನೇಮಾದಲ್ಲಿ ಸೇರಿಕೊಂಡಿದ್ದಾನೆ ಎಂದರು ಕೆಲವರು. ಏನು ಹೇಳುತ್ತಾನೆಂಬುದರಲ್ಲಿ ಮಾತ್ರ ಒಬ್ಬರ ಮಾತು ಇನ್ನೊಬ್ಬರಿಗೆ ತಾಳೆಯಾಗಲಿಲ್ಲ.

ಗಂಗವ್ವ ನನ್ನ ಮನೆಯ ಕಟ್ಟೆಗೆ ಬಂದು ನಿಂತಳು. “ಮಾಸ್ತರ, ನೀವ ಕೇಳಬೇಕ್ರಿ. ಮಂದಿ ತಮಗ ಬೇಕಾದ್ದ ಕೇಳತಾರ. ನೀವು ಇದ್ದದ್ದ ಕೇಳತೀರಿ.”

ಮಲ್ಲಪ್ಪನೂ ಒಪ್ಪಿದ. “ಇವರು ಏನಂತಾರೋ ಅದ ಖರೆ. ಸಾಲ್ಯಾಗ ಶುದ್ಧಲೇಖನ ಬರಸೂಮುಂದ ಕಡೀ ಅಕ್ಷರಾ ನುಂಗಿದ್ನಂತ ನನ್ನ ಮಗನ್ನ ಅರ್ಧಾ ತಾಸ ನಿಲ್ಲಿಸಿದ್ರು.”

ಅವನ ಚಕ್ಕಡಿಯಲ್ಲೇ ಹೊರಟೆವು. ತಂಬುವಿನ ಬಾಗಿಲಲ್ಲಿ ಮಲ್ಲಪ್ಪ ಎತ್ತುಗಳ ಹತ್ತಿರ ಕುಳಿತುಬಿಟ್ಟ. “ದೆವ್ವಾ ನೋಡಾಕ ಇಲ್ಲೀತನಕ ಯಾಕ ಬರಬೇಕಿತ್ತು? ನಮ್ಮ ಮನ್ಯಾಗ ನಮ್ಮವ್ವ ಇದ್ಲು,” ಎಂದ.

ಒಳಗೆ ಬೀಡಿಯ ಹೊಗೆ, ಹಸಿ ಗೋಣಿತಟ್ಟಿನ ವಾಸನೆ, ಹೊರಗಿನ ಇಂಜಿನಿನ ಎಣ್ಣೆಯ ಕಮಟು. ಹೆಣ್ಣುಮಕ್ಕಳ ಕಡೆಗೆ ಒಂದು ಹಗ್ಗ ಕಟ್ಟಿದ್ದರು. ಗಂಗವ್ವ ಹಗ್ಗದ ಆಚೆ, ನಾನು ಈಚೆ ಕುಳಿತೆವು.

ಜನರಿಗೆ ಚಿತ್ರ ಹಿಡಿಸಿರಲಿಲ್ಲ. ದೆವ್ವ ಒಂದರ ಹಿಂದೊಂದು ಹಾಡು ಹಾಡಿತು. ಮೂಗಿನಿಂದ ಹಾಡಿತು.

“ದೆವ್ವಕ್ಕ ನೆಗಡಿ ಆಗೇತೋ,” ಎಂದ ನನ್ನ ಹಿಂದಿನವನು.

“ಬಾವ್ಯಾಗ ಬಿದ್ದರ ಆಗೂದಿಲ್ಲೇನು?” ಎಂದ ಅವನ ಜೊತೆಗಾರ. “ಮೊದಲಿನ ದೆವ್ವಾನ ಚಲೋ ಇತ್ತು. ಬಾಯಿ ಬಿಡತಿರಲಿಲ್ಲ.”

ತಂಬುವೆಲ್ಲ ನಗೆ. ನನಗೂ ನಗೆ ಬಂದಿತು.

ಆಮೇಲೆ ಹೊಸ ಸೊಸೆ ದೀಪ ಹಿಡಿದು ಎದ್ದಳು.

ನಗೆ ನಿಂತಿತು. ಯಾರೂ ಸುಮ್ಮನಿರಿ ಎಂದು ಹೇಳಿರಲಿಲ್ಲ... ತಾನಾಗಿಯೇ ನಿಂತಿತು. ಪರದೆಯ ಹಿಂದಿನ, ಚಿತ್ರದ ದನಿ ಬರುವ ಭೋಂಗಾದ ಗರಗರ ಸಪ್ಪಳವೂ ಅಡಗಿತು. ಹೊರಗೆ ಇಂಜಿನ್ ಮಾತ್ರ ನಡೆದೇ ಇತ್ತು. ಸೊಸೆ ಹೊಸ್ತಿಲು ದಾಟಿದಳು. ತಿರುಗಿದಳು.

ಟಕ್... ಟಕ್.

ಬಿದಿರಿನ ಮೇಲೆ ಬೆತ್ತ.

ಆ ಸಪ್ಪಳ ಭೋಂಗಾದಿಂದ ಬರಲಿಲ್ಲ. ಪರದೆಯ ಎಡಗಡೆಯ ಕತ್ತಲೆಯಿಂದ, ನಿಂತ ಮನುಷ್ಯನ ಎತ್ತರದಿಂದ ಬಂದಿತು. ಅಲ್ಲಿ ಗಳುವಿತ್ತು, ಗಳುವಿನ ಹತ್ತಿರ ಯಾರೂ ಇರಲಿಲ್ಲ. ಲವಂಗ ಜಗಿದ ಬಾಯಿಯ ವಾಸನೆ ತೇಲಿತು... ಶಿವಲಿಂಗಪ್ಪ ದನಿಗೆಂದು ಯಾವಾಗಲೂ ಲವಂಗ ಜಗಿಯುತ್ತಿದ್ದ. ಆಮೇಲೆ ಅವನ ದನಿ, ಮೊದಲಿನಂತೆಯೇ ತಗ್ಗಿದ ದನಿ:

“ಬಂದೇನ್—”

ಆ ಕ್ಷಣದಲ್ಲಿ ಹಿಂದೆ ಒಂದು ಕೂಸು ಕಿಟ್ಟನೆ ಚೀರಿತು. ಕಡೆಯ ಸ್ವರ ಅದರಲ್ಲಿ ಮುಚ್ಚಿಹೋಯಿತು.

ಗಂಗವ್ವ ಹಗ್ಗದ ಆಚೆಯಿಂದ ನನ್ನ ಕಡೆ ತಿರುಗಿದ್ದಳು. ಅವಳ ಮುಖದ ಮೇಲೆ ಪರದೆಯ ಬೆಳಕು. ಅವಳು ಅಳುತ್ತಿರಲಿಲ್ಲ.

ಆಟ ಮುಗಿದ ಮೇಲೆ ನಾನು ಯಂತ್ರ ನಡೆಸುವವನನ್ನು ವಿಚಾರಿಸಿದೆ. ಅವನು ಕಣ್ಣೆತ್ತಲಿಲ್ಲ. “ಆ ಜಾಗಾದಾಗ ರೀಲ್ ಹರದಿತ್ರಿ, ಕೂಡಿಸೇವಿ. ಅಲ್ಲಿ ಮಾತಾನ ಇಲ್ಲ. ಯಾರರ ಕೇಳೇನಿ ಅಂದ್ರ ನನ್ನ ಮುಂದ ಹೇಳಬ್ಯಾಡ್ರಿ. ನಾ ಒಬ್ಬಾಂವ ಇಲ್ಲೆ ಮಲಗತೇನಿ.”

ಹೊರಗೆ ಮಲ್ಲಪ್ಪ ಕಾಯುತ್ತಿದ್ದ. “ಹೇಳ್ರಿ ಮಾಸ್ತರ. ಬರತೇನಿ ಅಂದ್ನೋ, ಹೋಗತೇನಿ ಅಂದ್ನೋ?”

“ಎರಡೂ ಅಲ್ಲ,” ಎಂದೆ. “ಬಂದೇನ್... ಅಂದ. ಕಡೆಯ ಸ್ವರ ಕೇಳಲಿಲ್ಲ.”

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಕಡೆಗೆ ಇಕಾರವಿದ್ದರೆ ಅದು ‘ಬಂದೇನಿ’. ನಮ್ಮ ಕಡೆಯ ಮಾತಿನಲ್ಲಿ ‘ಬಂದಿದ್ದೇನೆ’ ಎಂದರ್ಥ. ಬಂದಾಗಿದೆ, ಸಂಶಯವಿಲ್ಲ. ಉಕಾರವಿದ್ದರೆ ಅದು ‘ಬಂದೇನು’. ಗ್ರಂಥದ ಕನ್ನಡದ ಸಂಭಾವನಾರ್ಥಕ ರೂಪ. ಬಂದರೂ ಬರಬಹುದು, ಬಾರದೆಯೂ ಇರಬಹುದು. ಎರಡು ಕನ್ನಡವನ್ನೂ ಬೆರೆಸುವ ಆ ಮನುಷ್ಯನ ಬಾಯಿಯಲ್ಲಿ ಯಾವುದೂ ಸಲ್ಲುತ್ತಿತ್ತು.

“ಬಂದೇನಿ ಅಂದಾರ,” ಎಂದಳು ಗಂಗವ್ವ. “ನಾ ಕೇಳೇನಿ.”

“ವೈನಿ, ಬಂದಿದ್ರ ಎಲ್ಲೆದಾನ?” ಎಂದು ಅತ್ತಿಗೆಯನ್ನು ಕೇಳಿದ ಮಲ್ಲಪ್ಪ. ಅವಳು ಚಕ್ಕಡಿ ಹತ್ತಿದಳು. ಹತ್ತುವಾಗ ತನ್ನ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಕುಳಿತಳು.

ದಾರಿಯುದ್ದಕ್ಕೂ ಎತ್ತುಗಳು ಮೇಲಿಂದ ಮೇಲೆ ನಿಂತು ಮೂಸುತ್ತಿದ್ದವು. ಮಲ್ಲಪ್ಪ ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ; ಕುತ್ತಿಗೆ ಬಿಗಿಹಿಡಿದು ಕುಳಿತಿದ್ದ.

ಮೂಡಲಗಿ ಮುಟ್ಟಿದಾಗ ಇನ್ನೂ ಕತ್ತಲೆ. ಮಲ್ಲಪ್ಪ ಎತ್ತು ಬಿಚ್ಚಲು ಹಿತ್ತಲಿಗೆ ಹೋದ. ಗಂಗವ್ವ ಒಳಗಿನಿಂದ ತಂಬಿಗೆ ನೀರು ತಂದು ಬಾಗಿಲ ಕಲ್ಲಿನ ಮೇಲೆ ಇಟ್ಟಳು. ನನಗೆಂದು ತಿಳಿದೆ. ಆದರೆ ಅವಳು ನನ್ನನ್ನು ದಾಟಿ ನೋಡುತ್ತ, ತಲೆಯ ಮೇಲೆ ಸೆರಗು ಎಳೆದುಕೊಂಡು ಹೇಳಿದಳು:

“ಕಾಲಿಗಿ ನೀರ ತಗೊಳ್ರಿ. ಒಳಗ ಬರ್ರಿ.”

ಹೇಳಿ ಒಳಗೆ ಹೋದಳು. ನಾನು ಬೇಗಬೇಗ ನಡೆದೆ. ತುಸು ದೂರ ಹೋಗಿದ್ದೆ... ಬೆನ್ನ ಹಿಂದೆ ಕಲ್ಲಿನ ಮೇಲೆ ನೀರು ಸುರಿದ ಸಪ್ಪಳ. ಮೊದಲು ಒಂದು ಕಾಲಿಗೆ. ಸ್ವಲ್ಪ ತಡೆದು, ಇನ್ನೊಂದು ಕಾಲಿಗೆ.

ತಿರುಗಿ ನೋಡಲಿಲ್ಲ.

ನನ್ನ ಸಾಕ್ಷಿಯ ಮೇಲೆ ಹಿರಿಯರಿಗೆ ಏನನ್ನೂ ತೀರ್ಮಾನಿಸಲಾಗಲಿಲ್ಲ. ಸತ್ತನೆಂದು ಹೇಳುವಂತಿರಲಿಲ್ಲವಾದ್ದರಿಂದ ಕಲ್ಲೋಳಿಯವರು ಗೊಣಗುತ್ತ ಒಪ್ಪಿದರು. ಗಂಗವ್ವ ಮಗಳಿಗೆ ಅರಿಷಿಣ ಹಚ್ಚಿದಳು. ಆದರೆ ಹಂದರದಲ್ಲಿ ಕೆಲವು ಹೆಂಗಸರು ಅವಳ ಕೈಯಿಂದ ಕುಂಕುಮ ತೆಗೆದುಕೊಳ್ಳದೆ ಎದ್ದುಹೋದದ್ದನ್ನು ನಾನು ಕಂಡೆ. ಅವಳೂ ಕಂಡಳು. ದಿನಾಲೂ ಎರಡು ತಾಟಿಗೆ ಬಡಿಸುತ್ತಾಳೆಂದು ಓಣಿಯಲ್ಲಿ ಆಡಿಕೊಂಡರು.

ಮುಂದೆ ಅವಳು ಜ್ವರದಿಂದ ಹಾಸಿಗೆ ಹಿಡಿದಳು. ಮಲ್ಲಪ್ಪ ನನ್ನನ್ನು ಕರೆಯಿಸಿದ. ದೀಪ ಹಚ್ಚಿದ ಹೊತ್ತು. ಮಗಳು ಕಾಲ ಬಳಿ ಕುಳಿತಿದ್ದಳು. ಬಾಗಿಲು ಮುಚ್ಚಿತ್ತು.

“ವೈನಿ, ನಾಳೆ ಜಂಗಮರು ಬಂದ್ರ ಏನ ಹೇಳಲಿ?” ಎಂದು ಮಲ್ಲಪ್ಪ ಮೆಲ್ಲಗೆ ಕೇಳಿದ. ಮಣ್ಣು ಕೊಡುವಾಗ ಬಳೆ ಇರಬೇಕೋ ತೆಗೆಯಬೇಕೋ ಎಂಬ ಅದೇ ಹಳೆಯ ಪ್ರಶ್ನೆ. ಅವನ ದನಿಯಲ್ಲಿ ಹಠವಿರಲಿಲ್ಲ.

ಅವಳು ಉತ್ತರಿಸುವಷ್ಟರಲ್ಲಿ ಬಾಗಿಲ ಚೌಕಟ್ಟಿನ ಮೇಲೆ...

ಟಕ್... ಟಕ್.

ಮಲ್ಲಪ್ಪನ ಕೈ ನನ್ನ ಮೊಳಕೈಯನ್ನು ಹಿಡಿಯಿತು. ಲವಂಗದ ವಾಸನೆ. ಗಂಗವ್ವ ಕಣ್ಣು ತೆರೆದು ಬಾಗಿಲನ್ನು ನೋಡಿದಳು. ಕರೆದವರಿಗೆ ಓಗೊಡುವಂತೆ, ಸ್ಪಷ್ಟವಾಗಿ ಅಂದಳು:

“ಬರತೇನಿ.”

ಅಷ್ಟೇ. ಈ ಸಲ ಕಡೆಯ ಸ್ವರವನ್ನು ನಾನು ತಪ್ಪದೆ ಕೇಳಿದೆ. ಮನೆ ಬಿಡುವವಳು ನಮಗೆ ಹೇಳಿದ ಮಾತೋ, ಹೊರಗೆ ನಿಂತವನಿಗೆ ಹೇಳಿದ ಮಾತೋ ಎಂಬುದನ್ನು ಮಾತ್ರ ಯಾವ ವ್ಯಾಕರಣದಿಂದಲೂ ಬಿಡಿಸಲಾರೆ. ಅಂದಿನಿಂದ ನಾನು ಮನೆಯಿಂದ ಹೊರಡುವಾಗ ಬಾಯಿ ಬಿಡುವುದಿಲ್ಲ. ಮನೆಯವರು ಬೈಯುತ್ತಾರೆ. ಬೈಯಲಿ.

ಮರುದಿನ ಜಂಗಮರು ಬಳೆಯ ಮಾತೆತ್ತಿದಾಗ ಮಲ್ಲಪ್ಪ ಬಾಗಿಲ ಕಡೆ ನೋಡದೆ ಹೇಳಿದ: “ತಗೀಬ್ಯಾಡ್ರಿ. ನಮ್ಮಣ್ಣ ಬಂದಿದ್ದ.”

ಹಸಿರು ಬಳೆಯೊಂದಿಗೆ ಅವಳಿಗೆ ಮಣ್ಣು ಕೊಟ್ಟದ್ದು ೧೯೪೩ನೆಯ ಇಸವಿ ಫೆಬ್ರುವರಿ ತಿಂಗಳ ಹದಿನೇಳನೆಯ ತಾರೀಖು.