ಫ್ರೆಂಚ್ ಮೇಷ್ಟ್ರ ತೆಲುಗು

ಫ್ರೆಂಚಿನ ‘ರ’ ಅಕ್ಷರ ಹೇಳಿಕೊಡುವಾಗ ನಮ್ಮ ಮೇಷ್ಟ್ರು ಕತ್ತೆತ್ತಿ ಗಂಟಲಿನ ಮೇಲೆ ಎರಡು ಬೆರಳಿಟ್ಟುಕೊಳ್ಳುತ್ತಿದ್ದರು. ನರೆತ ಕುರುಚಲು ಗಡ್ಡದ ಕೆಳಗೆ ಗಂಟಲಮಣಿ ಅದುರುವುದು ಹಿಂದಿನ ಬೆಂಚಿಗೂ ಕಾಣುತ್ತಿತ್ತು. “ನಾಲಿಗೆ ಸುಮ್ನಿರ್ಲಿ. ಉಪ್ಪುನೀರು ಗಳಗಳ ಅನ್ನಿಸ್ತೀವಲ್ಲ, ಅಲ್ಲಿಂದ ಬರ್ಬೇಕು” ಅನ್ನುತ್ತಿದ್ದರು.

ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ ಫ್ರೆಂಚನ್ನೂ ಇತಿಹಾಸವನ್ನೂ ಒಟ್ಟಿಗೆ ಓದಲು ಸೇರಿದಾಗ ನಮಗೆ ಎರಡನ್ನೂ ಕಲಿಸಿದವರು ಅವರೊಬ್ಬರೇ. ಶಿಡ್ಲಘಟ್ಟದವರು, ಮನೆಮಾತು ತೆಲುಗು. ನಾನು ಗೌರಿಬಿದನೂರಿನವಳು ಎಂದಾಗ “ನಮ್ಮ ಕಡೆ ಹುಡುಗಿ” ಎಂದು ಹಿಗ್ಗಿದರು. ಆದರೆ ಅಪ್ಪ ಊರ ಪಕ್ಕದ ಕುಡುಮಲಕುಂಟೆಯ ಕಾರ್ಖಾನೆಯ ಕೆಲಸಕ್ಕೆಂದು ಮಂಡ್ಯದಿಂದ ಬಂದವರು. ನನಗಿದ್ದ ತೆಲುಗು ತರಕಾರಿಯ ಬೆಲೆ ಕೇಳುವಷ್ಟೇ.

ಒಮ್ಮೆ, ನಿಮ್ಮೂರಿನ ಹತ್ತಿರದ ಒಂದು ಘಟನೆಯನ್ನು ಫ್ರೆಂಚಿನಲ್ಲಿ ಬರೆಯಿರಿ ಎಂದರು. ನಾನು ಧ್ವಜ ಸತ್ಯಾಗ್ರಹದ ಕಾಲದ ವಿದುರಾಶ್ವತ್ಥದ ಗೋಲಿಬಾರಿನ ಬಗ್ಗೆ ಬರೆದೆ. ಯಾರು ಎಂದು ಹೇಳದೆಯೇ ಕೆಲಸ ನಡೆಯಿತೆಂದು ಹೇಳಲು ಫ್ರೆಂಚಿನಲ್ಲಿ ಒಂದು ಪುಟ್ಟ ಸರ್ವನಾಮವಿದೆ. ಅದನ್ನು ಬಳಸಿ ‘ಗುಂಡು ಹಾರಿಸಲಾಯಿತು’ ಎಂಬರ್ಥದಲ್ಲಿ ಬರೆದಿದ್ದಕ್ಕೆ ಹೊಗಳುತ್ತಾರೆಂದು ಕಾದಿದ್ದೆ.

“ವ್ಯಾಕರಣ ಸರಿಯಾಗಿದೆ” ಎಂದರು. “ಆದ್ರೆ ಕರ್ತೃ ಎಲ್ಲಮ್ಮ?”

“ಇದೆಯಲ್ಲ ಸಾರ್.”

“ಇದು ಮುಸುಕು ಹಾಕ್ಕೊಂಡಿರೋ ಕರ್ತೃ. ಗುಂಡು ತಾನಾಗೇ ಹಾರಲಿಲ್ಲ ಕಣಮ್ಮ. ಪೊಲೀಸರು ಹಾರಿಸಿದರು. ಹಾಗಂತ ಬರಿ. ವ್ಯಾಕರಣದಲ್ಲಿ ತಪ್ಪಿಸ್ಕೊಂಡೋನು ಚರಿತ್ರೆಯಲ್ಲೂ ತಪ್ಪಿಸ್ಕೋತಾನೆ.”

ಎರಡು ವಿಷಯಗಳನ್ನು ಯಾಕೆ ಒಟ್ಟಿಗೆ ಓದುತ್ತಿದ್ದೇನೆಂದು ನನಗೆ ತಿಳಿದದ್ದು ಅವತ್ತು.

ಎರಡನೇ ವರ್ಷ ಅಪ್ಪ ನನ್ನನ್ನು ಬಿಡಿಸಿ ಡಿ.ಎಡ್.ಗೆ ಸೇರಿಸಲು ಹೊರಟಾಗ ಮೇಷ್ಟ್ರು ಒಂದು ಭಾನುವಾರ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಫ್ರೆಂಚ್ ಓದಿದರೆ ಕೆಲಸ ಸಿಗುತ್ತದೆಯೇ ಎಂದು ಅಪ್ಪ ನೇರವಾಗಿ ಕೇಳಿದರು. ಮೇಷ್ಟ್ರು ಸುಳ್ಳು ಹೇಳಲಿಲ್ಲ. “ಗ್ಯಾರಂಟಿ ಕೊಡಕ್ಕಾಗಲ್ಲ. ಆದ್ರೆ ಇವಳು ಬರೆದಿದ್ದನ್ನ ನಾನು ಕೆಲಸಕ್ಕೋಸ್ಕರ ಓದಲ್ಲ, ಇಷ್ಟಪಟ್ಟು ಓದ್ತೀನಿ” ಎಂದರು. ಅಪ್ಪ, “ಊಟ ಮಾಡ್ಕೊಂಡು ಹೋಗಿ ಸಾರ್” ಎಂದರು. ಬಿಡಿಸುವ ಮಾತು ಮತ್ತೆ ಬರಲಿಲ್ಲ.

ಈಗ ಅನುವಾದವೇ ನನ್ನ ವೃತ್ತಿ. ಹೋದ ವರ್ಷ ಮೇಷ್ಟ್ರಿಗೆ ಪಾರ್ಶ್ವವಾಯು ಹೊಡೆಯಿತೆಂದು ತಿಳಿದು ಶಿಡ್ಲಘಟ್ಟಕ್ಕೆ ಹೋದೆ. ಅವರ ಹೆಂಡತಿ ಬಾಗಿಲಲ್ಲೇ ತಗ್ಗಿದ ದನಿಯಲ್ಲಿ, “ಫ್ರೆಂಚು, ಕನ್ನಡ ಎರಡೂ ಹೋಗ್ಬಿಟ್ಟಿವೆ ಕಣಮ್ಮ. ತೆಲುಗು ಒಂದೇ ಉಳ್ಕೊಂಡಿರೋದು” ಎಂದರು.

ನನ್ನನ್ನು ಕಂಡದ್ದೇ ಮೇಷ್ಟ್ರ ಮುಖ ಅರಳಿತು. ಹೆಂಡತಿ ಕಾಫಿಗೆಂದು ಒಳಗೆ ಹೋದಾಗ ಮೇಷ್ಟ್ರು ಮಾತು ಶುರುಮಾಡಿದರು. ಎಡಗೈ ಎತ್ತಿ, ನಡುನಡುವೆ ನಿಲ್ಲಿಸಿ, ಪಾಠ ಹೇಳುವ ಹಾಗೆಯೇ. ಆ ತೊದಲು ತೆಲುಗಿನಲ್ಲಿ ಒಂದೆರಡು ಪದ ಸಿಕ್ಕವು. ‘ಊರು’ ಎಂದದ್ದು, ‘ರಾಯಿ’ ಎಂದದ್ದು. ರಾಯಿ ಎಂದರೆ ಕಲ್ಲೂ ಹೌದು, ‘ಬರಿ’ ಎಂದೂ ಹೌದು. ಯಾವುದೆಂದು ತಿಳಿಯಲಿಲ್ಲ. ಫ್ರೆಂಚಿನಲ್ಲಿ ಕೇಳಿದೆ, ಕನ್ನಡದಲ್ಲಿ ಕೇಳಿದೆ. ಅವರು ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಮೊದಲಿಂದ ಹೇಳಿದರು. ಆಮೇಲೆ ದಣಿದು ದಿಂಬಿಗೆ ಒರಗಿ ನಿದ್ದೆಹೋದರು.

ಕಾಫಿ ತಂದ ಅವರ ಹೆಂಡತಿ, “ಅಷ್ಟೊತ್ತು ಮಾತಾಡಿದ್ರಲ್ಲ, ಏನಂದ್ರಮ್ಮ?” ಎಂದು ಆಸೆಯಿಂದ ಕೇಳಿದರು.

“ಗೊತ್ತಾಗಲಿಲ್ಲ ಅಮ್ಮ” ಎಂದೆ.

ತಿಂಗಳೊಳಗೆ ಮೇಷ್ಟ್ರು ತೀರಿಕೊಂಡರು. ಈಗ ದಿನಾ ಸಂಜೆ ಪಕ್ಕದ ಮನೆಯವರ ಹತ್ತಿರ ತೆಲುಗು ಕಲಿಯುತ್ತಿದ್ದೇನೆ. ಬೇಗ ಬರುತ್ತಿದೆ. ಅಷ್ಟು ಸುಲಭವಾಗಿ ಬರುತ್ತಿರುವುದೇ ಸಂಕಟ.